ಮರಿ ಮಡಿಲಲ್ಲಿರಲಿ, ಬೀದಿ ಕಣ್ಣೆದುರಿಗಿರಲಿ

ನಾಯಿಮರಿ ಮನೆಗೆ ಬಂದ ವಾರದಲ್ಲೇ ಕಿವಿಗೆ ಬೀಳುವ ಬುದ್ಧಿಮಾತೊಂದಿದೆ: "ಇಂಜೆಕ್ಷನ್ ಎಲ್ಲ ಮುಗಿಯೋವರೆಗೂ ಹೊರಗೆ ಕರ್ಕೊಂಡು ಹೋಗ್ಬೇಡಿ." ಮೊದಲ ಲಸಿಕೆ ಹಾಕುತ್ತಾ ಡಾಕ್ಟರು ಹೇಳುತ್ತಾರೆ, ಮರಿ ಮಾರಿದವರು ಹೇಳುತ್ತಾರೆ, ಮೂರು ತಲೆಮಾರಿನ ನಾಯಿ ಸಾಕಿದ ಎದುರುಮನೆಯ ಅಂಕಲ್ಲೂ ಹೇಳುತ್ತಾರೆ. ಇಷ್ಟು ಜನ ಒಂದೇ ದನಿಯಲ್ಲಿ ಹೇಳಿದ ಮೇಲೆ ಮನೆಯವರು ಬಾಗಿಲು ಹಾಕಿಕೊಳ್ಳುತ್ತಾರೆ. ಮರಿ ಹಾಲ್‌ನಲ್ಲಿ ಆಡುತ್ತದೆ, ಬಾಲ್ಕನಿಯಲ್ಲಿ ಹಾಸಿದ ಪೇಪರಿನ ಮೇಲೆ ಉಚ್ಚೆ ಮಾಡುವುದನ್ನು ಕಲಿಯುತ್ತದೆ, ಮನೆಮಂದಿಯ ಕಾಲುಕಾಲಿಗೆ ಸುತ್ತುತ್ತಾ ನಾಲ್ಕು ತಿಂಗಳು ತುಂಬಿಸುತ್ತದೆ. ಆಮೇಲೆ ಒಂದು ಭಾನುವಾರ ಹೊಸ ಬೆಲ್ಟು ಹಾಕಿ ಗೇಟಿನಾಚೆ ಇಳಿಸಿದರೆ ನೆಲಕ್ಕೆ ಅಂಟಿಕೊಂಡು ಕೂತುಬಿಡುತ್ತದೆ. "ನಮ್ಮ ಮರಿ ಸ್ವಲ್ಪ ಪುಕ್ಕಲು" ಎಂಬ ತೀರ್ಮಾನ ಅಲ್ಲಿಗೆ ಆಗಿಹೋಗುತ್ತದೆ.

ಹೀಗೆ ಪುಕ್ಕಲು ಅನ್ನಿಸಿಕೊಂಡ ಎಷ್ಟೋ ಮರಿಗಳ ವಿಷಯದಲ್ಲಿ ತಪ್ಪು ಮರಿಯದಲ್ಲ, ಆ ಬುದ್ಧಿಮಾತಿನದು ಎಂಬುದು ನನ್ನ ವಾದ. ಅದು ಸುಳ್ಳು ಮಾತಲ್ಲ, ಅರ್ಧ ಮಾತು. ಆ ಅರ್ಧದಿಂದಲೇ ಹಾನಿಯಾಗುತ್ತಿದೆ.

ನಿಜವಿರುವ ಅರ್ಧವನ್ನು ಮೊದಲು ಒಪ್ಪಿಕೊಳ್ಳೋಣ. ಪಾರ್ವೋ ಎಂದರೆ ನಾಯಿ ಸಾಕಿದವರ ಎದೆ ಝಲ್ಲೆನ್ನುವುದಕ್ಕೆ ಕಾರಣವಿದೆ. 1978ರ ಸುಮಾರಿಗೆ ಕಾಣಿಸಿಕೊಂಡ ಈ ವೈರಾಣು ಎರಡು ವರ್ಷದೊಳಗೆ ಜಗತ್ತನ್ನೆಲ್ಲ ಸುತ್ತಿತು. ವಾಂತಿ, ರಕ್ತ ಬೆರೆತ ಭೇದಿ. ಹೊತ್ತಿಗೆ ಸರಿಯಾಗಿ ಡ್ರಿಪ್ ಹಾಕಿಸದಿದ್ದರೆ ಕೆಲವೇ ದಿನಗಳಲ್ಲಿ ಮರಿ ಕೈತಪ್ಪುತ್ತದೆ. ರೋಗ ಬಂದ ನಾಯಿಯ ಮಲದಲ್ಲಿ ಹೊರಬಿದ್ದ ವೈರಾಣು ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ದಿನವೂ ನೆಲ ಒರೆಸುವ ಫಿನಾಯಿಲ್‌ಗೆ ಅದು ಜಗ್ಗುವುದಿಲ್ಲ, ಬ್ಲೀಚ್ ದ್ರಾವಣ ಬೇಕು. ಆಗಿನ ಬಿಬಿಎಂಪಿ 2023ರಲ್ಲಿ ನಡೆಸಿದ ಗಣತಿಯ ಅಂದಾಜಿನಂತೆ ಬೆಂಗಳೂರೊಂದರಲ್ಲೇ 2.79 ಲಕ್ಷ ಬೀದಿನಾಯಿಗಳಿದ್ದವು. ಇಂಥ ಊರಿನ ಫುಟ್‌ಪಾತಿನ ಮೇಲೆ, ಲೈಟ್ ಕಂಬದ ಬುಡದಲ್ಲಿ, ಪಾರ್ಕಿನ ಹುಲ್ಲಿನಲ್ಲಿ ಎಂಟು ವಾರದ ಮರಿಯನ್ನು ಇಳಿಸಿ ಮೂಸಲು ಬಿಡುವುದು ತಪ್ಪೇ.

ಒಂದು ಡೋಸ್ ಹಾಕಿಸಿದೆವಲ್ಲ, ಸಾಲದೇ ಎಂದು ಕೇಳುವವರಿಗೂ ಉತ್ತರವಿದೆ. ಹುಟ್ಟಿದ ಮೊದಲ ದಿನದ ಹಾಲಿನಲ್ಲಿ ತಾಯಿಯಿಂದ ಬಂದ ಪ್ರತಿಕಾಯಗಳು ಮರಿಯನ್ನು ಕೆಲವು ವಾರ ಕಾಯುತ್ತವೆ. ಅವೇ ಪ್ರತಿಕಾಯಗಳು ಲಸಿಕೆಯನ್ನೂ ಕೆಲಸ ಮಾಡಲು ಬಿಡುವುದಿಲ್ಲ. ಅವು ಯಾವ ಮರಿಯಲ್ಲಿ ಯಾವ ವಾರ ಇಳಿಯುತ್ತವೆ ಎಂದು ಹೊರಗಿನಿಂದ ನೋಡಿ ಹೇಳಲಾಗದು. ಹೀಗಾಗಿಯೇ ಮೂರು ನಾಲ್ಕು ವಾರಕ್ಕೊಮ್ಮೆ ಡೋಸ್ ಹಾಕುತ್ತಾ ಹೋಗುವುದು, ಕೊನೆಯ ಡೋಸ್ ಹದಿನಾರು ವಾರಕ್ಕೆ ಅಥವಾ ಅದಾದ ಮೇಲೆ ಬೀಳಬೇಕೆಂದು ಪಶುವೈದ್ಯರ ಜಾಗತಿಕ ಮಾರ್ಗಸೂಚಿಗಳು ಹೇಳುವುದು. ರೇಬೀಸ್ ಲಸಿಕೆ ಹಾಕುವುದೂ ಮೂರು ತಿಂಗಳಾದ ಮೇಲೆಯೇ. ಅಲ್ಲಿಯವರೆಗೆ ಬೀದಿನಾಯಿಯ ಹಲ್ಲು ತಾಗಿದರೆ ಅಪಾಯ ಮರಿಗಷ್ಟೇ ಅಲ್ಲ, ಅದನ್ನು ಎತ್ತಿಕೊಂಡ ಮಗುವಿಗೂ ಇದೆ. ಆದ್ದರಿಂದ ಡಾಕ್ಟರರ ಎಚ್ಚರಿಕೆಯಲ್ಲಿ ಒಂದಕ್ಷರವನ್ನೂ ನಾನು ಹಗುರ ಮಾಡುತ್ತಿಲ್ಲ.

ಇನ್ನು ಆ ಮಾತು ಬಿಟ್ಟುಬಿಡುವ ಅರ್ಧ. ಲಸಿಕೆಗೆ ಒಂದು ಕ್ಯಾಲೆಂಡರ್ ಇರುವ ಹಾಗೆ ಮರಿಯ ಮಿದುಳಿಗೂ ಒಂದಿದೆ, ಮತ್ತು ಎರಡರ ತಾರೀಖೂ ಹೊಂದುವುದಿಲ್ಲ.

1961ರಲ್ಲಿ ಫ್ರೀಡ್‌ಮನ್, ಕಿಂಗ್, ಎಲಿಯಟ್ ಎಂಬ ಮೂವರು ಸಂಶೋಧಕರು 'ಸೈನ್ಸ್' ಪತ್ರಿಕೆಯಲ್ಲಿ ಒಂದು ಪ್ರಯೋಗವನ್ನು ವರದಿ ಮಾಡಿದರು. ಅಮೆರಿಕದ ಮೇನ್ ರಾಜ್ಯದ ಬಾರ್ ಹಾರ್ಬರ್‌ನಲ್ಲಿರುವ ಜಾಕ್ಸನ್ ಪ್ರಯೋಗಾಲಯದಲ್ಲಿ, ಎತ್ತರದ ಹಲಗೆಬೇಲಿ ಹಾಕಿದ ಬಯಲಿನಲ್ಲಿ ಕಾಕರ್ ಸ್ಪ್ಯಾನಿಯಲ್ ಮತ್ತು ಬೀಗಲ್ ಮರಿಗಳನ್ನು ತಾಯಿಯ ಜೊತೆ, ಮನುಷ್ಯರ ಒಡನಾಟವಿಲ್ಲದೆ ಬೆಳೆಸಿದರು. ಕೆಲವನ್ನು ಎರಡನೇ ವಾರದಲ್ಲಿ, ಕೆಲವನ್ನು ಮೂರು, ಐದು, ಏಳು, ಒಂಬತ್ತನೇ ವಾರದಲ್ಲಿ ಒಳಗೆ ತಂದು ಒಂದೊಂದು ವಾರ ಮನುಷ್ಯರೊಡನೆ ಆಡಲು ಬಿಟ್ಟು ಮತ್ತೆ ಬಯಲಿಗೆ ಕಳಿಸಿದರು. ಒಂದು ಗುಂಪನ್ನು ಮಾತ್ರ ಹದಿನಾಲ್ಕು ವಾರದವರೆಗೂ ಮುಟ್ಟಲಿಲ್ಲ. ಕೊನೆಗೆ ಎಲ್ಲವನ್ನೂ ಪರೀಕ್ಷಿಸಿದಾಗ ಹದಿನಾಲ್ಕು ವಾರದ ಗುಂಪು ಮನುಷ್ಯರನ್ನು ಕಂಡರೆ ಕಾಡುಪ್ರಾಣಿಗಳ ಹಾಗೆ ಬೆದರಿ ಓಡುತ್ತಿತ್ತು. ಅವುಗಳಲ್ಲಿ ಒಂದನ್ನು ಆಮೇಲೆ ಮೂರು ತಿಂಗಳು ಮುದ್ದಿಸಿ ಸಾಕಿದರೂ ಸ್ವಲ್ಪವೇ ಬದಲಾಯಿತು. ಏಳನೇ ವಾರದಲ್ಲಿ ಸಿಕ್ಕ ಒಂದೇ ಒಂದು ವಾರ ಮಾಡಿದ ಕೆಲಸವನ್ನು ಹದಿನಾಲ್ಕರ ನಂತರದ ಮೂರು ತಿಂಗಳು ಮಾಡಲಾಗಲಿಲ್ಲ. ಅದೇ ಪ್ರಯೋಗಾಲಯದ ಸ್ಕಾಟ್ ಮತ್ತು ಫುಲ್ಲರ್ 1965ರಲ್ಲಿ ಪ್ರಕಟಿಸಿದ ದೊಡ್ಡ ಪುಸ್ತಕ ಈ ಕಾಲವನ್ನು ಸ್ಥೂಲವಾಗಿ ಮೂರನೇ ವಾರದಿಂದ ಹನ್ನೆರಡನೇ ವಾರದವರೆಗೆ ಎಂದು ಗುರುತಿಸಿತು.

ಆ ಪ್ರಯೋಗ ಮನುಷ್ಯರ ಒಡನಾಟದ ಬಗ್ಗೆ, ನಮ್ಮ ಮರಿಗಳು ಮನುಷ್ಯರ ನಡುವೆಯೇ ಬೆಳೆಯುತ್ತವಲ್ಲ ಎಂದು ಯಾರಾದರೂ ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಆದರೆ ಮರಿಗೆ ಪರಿಚಯವಾಗುವುದು "ಮನುಷ್ಯಜಾತಿ" ಅಲ್ಲ, ಅದು ಕಂಡ ಮನುಷ್ಯರು. ಅಮ್ಮ, ಅಪ್ಪ, ಇಬ್ಬರು ಮಕ್ಕಳು, ಮನೆಗೆಲಸದ ಅಕ್ಕ ಇಷ್ಟೇ ಜನರನ್ನು ಕಂಡ ಮರಿಗೆ ಹೆಲ್ಮೆಟ್ ಹಾಕಿದ ಡೆಲಿವರಿ ಹುಡುಗ ಬೇರೆಯೇ ಜೀವಿ. ಛತ್ರಿ ಹಿಡಿದವರು, ಕೋಲೂರಿ ಬರುವ ಅಜ್ಜ, ತಲೆಯ ಮೇಲೆ ಗೋಣಿಚೀಲ ಹೊತ್ತವರೂ ಹಾಗೆಯೇ. ಎಳೆಯ ವಾರಗಳಲ್ಲಿ ಹೊಸತನ್ನು ಕಂಡರೆ ಮರಿ ಬೆಚ್ಚಿ, ಮರುಕ್ಷಣ ಮೂಗು ಚಾಚುತ್ತದೆ. ಕುತೂಹಲ ಭಯಕ್ಕಿಂತ ಒಂದು ತೂಕ ಹೆಚ್ಚಿರುತ್ತದೆ. ಎಂಟನೇ ವಾರದಿಂದಾಚೆ ಭಯದ ತಟ್ಟೆ ನಿಧಾನವಾಗಿ ಇಳಿಯುತ್ತಾ ಬಂದು, ಮೂರು ಮೂರೂವರೆ ತಿಂಗಳ ಹೊತ್ತಿಗೆ ಕಂಡಿಲ್ಲದ್ದರ ಮೇಲೆಲ್ಲ ಮೊದಲು ಅನುಮಾನ ಹುಟ್ಟುವ ಸ್ಥಿತಿ ಬರುತ್ತದೆ. ಕಾಡಿನಲ್ಲಿ ಬದುಕಬೇಕಾದ ಪ್ರಾಣಿಗೆ ಅದು ಸರಿಯಾದ ಏರ್ಪಾಡು. ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಪಕ್ಕದ ಫ್ಲ್ಯಾಟಿನಲ್ಲಿ ಬದುಕಬೇಕಾದ ಪ್ರಾಣಿಗೆ ಹನ್ನೆರಡು ವರ್ಷದ ಶಿಕ್ಷೆಯಾಗಬಹುದು.

ಲೆಕ್ಕ ನೋಡಿ. ಕೊನೆಯ ಡೋಸ್ ಹದಿನಾರನೇ ವಾರಕ್ಕೆ, ಅದರ ಮೇಲೆ ಒಂದೆರಡು ವಾರ ಕಾಯಿರಿ ಎನ್ನುತ್ತಾರೆ. ಕಲಿಯುವ ಬಾಗಿಲು ಹನ್ನೆರಡರಿಂದ ಹದಿನಾಲ್ಕನೇ ವಾರದೊಳಗೆ ಬಹುಮಟ್ಟಿಗೆ ಮುಚ್ಚಿಕೊಳ್ಳುತ್ತದೆ. ಅಂದರೆ ಆ ಬುದ್ಧಿಮಾತನ್ನು ಚಾಚೂ ತಪ್ಪದೆ ಪಾಲಿಸಿದ ಮನೆಯವರು ಬಾಗಿಲು ಮುಚ್ಚಿದ ತಿಂಗಳಿಗೆ ಮರಿಯನ್ನು ಹೊರಗೆ ತರುತ್ತಾರೆ. ಇದನ್ನು ಗಮನಿಸಿಯೇ ಅಮೆರಿಕದ ಪ್ರಾಣಿವರ್ತನೆಯ ಪಶುವೈದ್ಯರ ಸಂಘ 2008ರ ತನ್ನ ಹೇಳಿಕೆಯಲ್ಲಿ, ಮೊದಲ ಲಸಿಕೆಯಾಗಿ ಏಳು ದಿನ ಕಳೆದ ಮರಿಗಳು ಏಳೆಂಟು ವಾರಕ್ಕೇ ತರಬೇತಿ ತರಗತಿಗೆ ಹೋಗಬಹುದು, ಲಸಿಕೆಯೆಲ್ಲ ಮುಗಿಯುವವರೆಗೆ ಕಾಯಬಾರದು ಎಂದಿತು. ಮೂರು ವರ್ಷದೊಳಗಿನ ನಾಯಿಗಳ ಸಾವಿಗೆ ಸೋಂಕುರೋಗಗಳಿಗಿಂತ ದೊಡ್ಡ ಕಾರಣ ವರ್ತನೆಯ ತೊಂದರೆಗಳು ಎಂಬುದು ಆ ಹೇಳಿಕೆಯ ಗಟ್ಟಿ ಮಾತು. ಅಲ್ಲಿ ಸಾಕಲಾಗದ ನಾಯಿಯನ್ನು ಶೆಲ್ಟರಿಗೆ ಕೊಡುತ್ತಾರೆ, ಜಾಗವಿಲ್ಲದ ಶೆಲ್ಟರು ದಯಾಮರಣ ಕೊಡುತ್ತದೆ. ನಮ್ಮಲ್ಲಿ ಆ ಲೆಕ್ಕ ಯಾರೂ ಇಡುವುದಿಲ್ಲ. ಇಲ್ಲಿ ಭಯದಿಂದ ಕಚ್ಚತೊಡಗಿದ ನಾಯಿ ತಾರಸಿಯ ಮೇಲಿನ ಚೈನಿಗೆ ಹೋಗುತ್ತದೆ, ಇಲ್ಲವೇ ರಾತ್ರೋರಾತ್ರಿ ರಿಂಗ್ ರೋಡಿನಾಚೆ ಇಳಿಯುತ್ತದೆ. ಅದು ಸತ್ತದ್ದು ಪಾರ್ವೋದಿಂದಲ್ಲ ಎಂಬ ಸಮಾಧಾನ ಯಾರಿಗೂ ಬೇಡ.

ಹಾಗೆಂದು ಆ ಅಮೆರಿಕದ ಸಲಹೆಯನ್ನು ಹಾಗೇ ತಂದು ಇಲ್ಲಿ ನೆಡಬೇಕೆಂದು ನಾನು ಹೇಳುವುದಿಲ್ಲ. ಅವರ ಬೀದಿಯಲ್ಲಿ ಒಡೆಯರಿಲ್ಲದ ನಾಯಿಗಳು ಅಪರೂಪ, ನಮ್ಮಲ್ಲಿ ಬೇಕಾದಷ್ಟಿವೆ. ನಾನು ಕೇಳುವುದು ಒಂದೇ: ಹೊರಗಿನ ಲೋಕದಲ್ಲಿ ಅಪಾಯ ಎಲ್ಲಿದೆ, ಪಾಠ ಎಲ್ಲಿದೆ ಎಂದು ಬಿಡಿಸಿ ನೋಡೋಣ. ಪಾರ್ವೋ ಇರುವುದು ನೆಲದಲ್ಲಿ ಮತ್ತು ಮೂಸಿ ನೆಕ್ಕುವ ಕಡೆಯಲ್ಲಿ. ರೇಬೀಸ್ ಬರುವುದು ಕಡಿತದಿಂದ. ಮರಿ ಕಲಿಯಬೇಕಾದ್ದು ಕಣ್ಣಿನಿಂದ, ಕಿವಿಯಿಂದ, ಗಾಳಿಯಲ್ಲಿ ತೇಲಿಬರುವ ವಾಸನೆಯಿಂದ. ಎರಡು ತಿಂಗಳ ಲ್ಯಾಬ್ರಡಾರ್ ಮರಿಯನ್ನು ಆರಾಮವಾಗಿ ಕಂಕುಳಲ್ಲಿ ಎತ್ತಿಕೊಳ್ಳಬಹುದು. ಕಾಲು ನೆಲಕ್ಕೆ ತಾಗದ ಮರಿಗೆ ಇಡೀ ಬೀದಿ ತೆರೆದಿರುತ್ತದೆ.

ಇದನ್ನು ಚೆನ್ನಾಗಿ ಮಾಡುವ ಒಬ್ಬ ಗೃಹಿಣಿಯನ್ನು ನಾನು ನಮ್ಮ ಬಡಾವಣೆಯಲ್ಲಿ ಕಂಡಿದ್ದೇನೆ. ಬೆಳಗಿನ ಹತ್ತರ ಸುಮಾರಿಗೆ, ರಾತ್ರಿಯೆಲ್ಲ ಬೊಗಳಿದ ಬೀದಿನಾಯಿಗಳು ಕಾರಿನಡಿ ಸೇರಿ ಮಲಗಿರುವ ಹೊತ್ತಿನಲ್ಲಿ, ಮನೆ ಮುಂದಿನ ಕಟ್ಟೆಯ ಮೇಲೆ ಕೂರುತ್ತಾರೆ. ತೊಡೆಯ ಮೇಲೆ ದಪ್ಪ ಟವಲ್ಲು, ಟವಲ್ಲಿನ ಮೇಲೆ ಮರಿ, ಪಕ್ಕದಲ್ಲಿ ಸ್ಟೀಲ್ ಡಬ್ಬಿಯಲ್ಲಿ ಬೇಯಿಸಿದ ಕೋಳಿಯ ಕಡಲೆಗಾತ್ರದ ಚೂರುಗಳು. ಕಸದ ಆಟೋ ಹಾಡು ಹಾಕಿಕೊಂಡು ತಿರುವಿನಲ್ಲಿ ಕಾಣಿಸುತ್ತದೆ. ಮರಿಯ ಕಿವಿ ಎದ್ದು ನಿಲ್ಲುತ್ತದೆ, ಒಂದು ಚೂರು ಬಾಯಿಗೆ. ಆಟೋ ಹತ್ತಿರವಾಗುತ್ತದೆ, ಇನ್ನೊಂದು ಚೂರು. ಡಬ್ಬ ಬಡಿದ ಸದ್ದಿಗೆ ಮರಿ ಅವರ ಮೊಣಕೈ ಸಂದಿಗೆ ತಲೆ ತೂರಿಸಿದರೆ ಅವರು ಎದ್ದು ನಾಲ್ಕು ಹೆಜ್ಜೆ ಗೇಟಿನೊಳಕ್ಕೆ ಹೋಗಿ ನಿಲ್ಲುತ್ತಾರೆ. ಅಲ್ಲಿಂದ ಮರಿ ಮತ್ತೆ ತಲೆ ಹೊರಗೆ ಹಾಕುತ್ತದೆ, ಮತ್ತೆ ಒಂದು ಚೂರು. ಹೂವಿನವರು, ತಳ್ಳುಗಾಡಿಯ ಸೊಪ್ಪಿನವರು, ಸ್ಕೂಲ್ ವ್ಯಾನು. ಹದಿನೈದು ನಿಮಿಷವಾಗುತ್ತಲೇ ಡಬ್ಬಿ ಮುಚ್ಚಿ ಒಳಗೆ. "ಅಯ್ಯೋ ಎಷ್ಟ್ ಚೆನ್ನಾಗಿದೆ, ಒಂಚೂರು ಕೊಡಿ ಆಂಟಿ" ಎಂದು ಮಕ್ಕಳು ಕೈ ಚಾಚಿದರೆ "ನೋಡು ಪುಟ್ಟಾ, ಮುಟ್ಬೇಡ, ಇನ್ನೂ ಇಂಜೆಕ್ಷನ್ ಆಗಿಲ್ಲ" ಎನ್ನುತ್ತಾರೆ. ಹತ್ತು ಕೈ ದಾಟಿಸಿ ಮರಿಯನ್ನು ಹೈರಾಣು ಮಾಡುವುದು ಪರಿಚಯವಲ್ಲ ಎಂಬುದು ಅವರಿಗೆ ಗೊತ್ತಿದೆ. ದುಡ್ಡು ಬೇಡ, ತರಬೇತುದಾರ ಬೇಡ, ನೆಲಕ್ಕೆ ಕಾಲೂ ಬೇಡ.

ನೆಲದ ಪಾಠಕ್ಕೂ ದಾರಿಯಿದೆ. ಬೇರೆ ನಾಯಿ ಹತ್ತದ ತಾರಸಿಯಲ್ಲಿ ಮರಳು, ಒಣ ಎಲೆ, ಗೋಣಿತಟ್ಟು, ಒದ್ದೆ ಸಿಮೆಂಟು, ಅಲುಗಾಡುವ ಹಲಗೆ ಇವೆಲ್ಲ ಪಾದಕ್ಕೆ ಸಿಗುತ್ತವೆ. ಲಸಿಕೆ ಹಾಕಿಸಿಕೊಂಡ, ಮರಿಗಳನ್ನು ಸಹಿಸುವ ದೊಡ್ಡ ನಾಯಿ ನೆಂಟರ ಮನೆಯಲ್ಲಿದ್ದರೆ ಅದು ದೊಡ್ಡ ಭಾಗ್ಯ. ಅಪಾರ್ಟ್‌ಮೆಂಟಿನವರಿಗೆ ಮೊದಲ ಹೊರಲೋಕ ಲಿಫ್ಟು. ಅದರೊಳಗೆ ಮರಿಯನ್ನು ಎತ್ತಿಕೊಂಡು ದಿನಕ್ಕೊಮ್ಮೆ ಇಳಿದು ಹತ್ತುವುದನ್ನು ತಡೆಯಲು ಅಸೋಸಿಯೇಷನ್ನಿಗೆ ಅಧಿಕಾರವಿಲ್ಲ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಇದನ್ನು ಸ್ಪಷ್ಟಪಡಿಸಿದೆ. ಇನ್ನೊಂದು ಮಾತು: ಪಾರ್ವೋ ನಮ್ಮ ಚಪ್ಪಲಿಯ ಅಡಿಗೆ ಅಂಟಿಕೊಂಡೂ ಮನೆಯೊಳಗೆ ಬರಬಲ್ಲದು. ಮರಿಯನ್ನು ಒಳಗೆ ಕೂಡಿಹಾಕಿ, ಚಪ್ಪಲಿ ಮಾತ್ರ ಹಾಲ್‌ವರೆಗೂ ತರುವ ಮನೆಗಳಿವೆ. ಚಪ್ಪಲಿ ಬಾಗಿಲಾಚೆ ಬಿಡುವ ನಮ್ಮ ಹಳೆಯ ಪದ್ಧತಿಯೇ ಇಲ್ಲಿ ಹೆಚ್ಚು ಉಪಯೋಗದ್ದು.

ಈ ವಾದ ಶುರುವಾದಾಗಲೆಲ್ಲ ಎದುರಾಗುವ ಇನ್ನೊಂದು ಪ್ರಶ್ನೆಯಿದೆ: "ಬೀದಿನಾಯಿ ಮರಿಗಳಿಗೆ ಯಾರು ಲಸಿಕೆ ಹಾಕ್ತಾರೆ? ಅವು ಬೆಳೆಯೋಲ್ವಾ?" ಕೇಳಲು ಚೆನ್ನಾಗಿದೆ, ನಿಜವಲ್ಲ. ಕೋಲ್ಕತ್ತದ ಐಸರ್ ಸಂಸ್ಥೆಯ ಸಂಶೋಧಕರು ಪಶ್ಚಿಮ ಬಂಗಾಳದಲ್ಲಿ ಐದು ವರ್ಷ 95 ಸೂಲುಗಳ 364 ಬೀದಿಮರಿಗಳನ್ನು ಹಿಂಬಾಲಿಸಿ ಲೆಕ್ಕವಿಟ್ಟರು. 2016ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಪ್ರಾಯಕ್ಕೆ ಬರುವವರೆಗೆ ಉಳಿದದ್ದು ಶೇಕಡಾ 19. ನಾವು ಬೀದಿಯಲ್ಲಿ ಕಾಣುವ ಗಟ್ಟಿಮುಟ್ಟಾದ ನಾಯಿ ಆ ಹತ್ತೊಂಬತ್ತರಲ್ಲಿ ಒಂದು. ಉಳಿದ ಎಂಬತ್ತೊಂದು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಹೀಗಿರುವಾಗ ಬೀದಿಮರಿಯ ಉದಾಹರಣೆ ಕೊಟ್ಟು ಮನೆಯ ಮರಿಯನ್ನು ನೆಲಕ್ಕೆ ಬಿಡಿ ಎನ್ನುವುದು ಕ್ರೂರ. ಆ ನಾಯಿಗಳಿಂದ ಕಲಿಯಬೇಕಾದ್ದು ಬೇರೆ ಇದೆ. ಬದುಕುಳಿದ ಬೀದಿನಾಯಿ ಬಸ್ಸಿಗೆ ಹೆದರುವುದಿಲ್ಲ, ಏಕೆಂದರೆ ಅದು ಕಣ್ಣು ಬಿಟ್ಟಾಗ ಬಸ್ಸು ಅಲ್ಲಿತ್ತು, ತಾಯಿಯ ಬೆಚ್ಚನೆಯ ಹೊಟ್ಟೆಯೂ ಜೊತೆಗಿತ್ತು. ಈ ಎರಡೂ ಒಟ್ಟಿಗೆ ಇದ್ದದ್ದೇ ಅದರ ಧೈರ್ಯದ ಗುಟ್ಟು. ಮನೆಗೆ ತಂದ ಮರಿಗೆ ಆ ಹೊಟ್ಟೆಯ ಜಾಗದಲ್ಲಿ ನಮ್ಮ ಮಡಿಲು ಇರಬೇಕು.

ಈಗ ಎದುರು ದಿಕ್ಕಿನ ನಂಬಿಕೆಗೆ ಬರೋಣ. ನಾಲ್ಕು ತಿಂಗಳು ಕೂಡಿಹಾಕಿದವರೇ ಐದನೇ ತಿಂಗಳು ಹೇಳುವ ಮಾತು ಅದು: "ಎಳ್ಕೊಂಡು ಹೋಗಿ, ನಾಲ್ಕ್ ದಿನ ಆದ್ಮೇಲೆ ತಾನೇ ಅಭ್ಯಾಸ ಆಗುತ್ತೆ."

ಎಳೆದುಕೊಂಡು ಹೋಗುವುದು ಎಂದರೇನು ಎಂದು ಹತ್ತಿರದಿಂದ ನೋಡಬೇಕು. ಸಂಜೆ ಏಳು ಗಂಟೆ, ಅಪಾರ್ಟ್‌ಮೆಂಟ್ ಗೇಟು. ಐದು ತಿಂಗಳ ಮರಿಯೊಂದು ಸ್ಪೀಡ್ ಹಂಪಿನ ಪಕ್ಕ ಹೊಟ್ಟೆಯನ್ನು ಡಾಂಬರಿಗೆ ಒತ್ತಿ ಕೂತಿದೆ. ಬಾಲ ಹೊಟ್ಟೆಯಡಿ ಮಡಚಿದೆ. ಕಿವಿಗಳು ತಲೆಗೆ ಅಂಟಿವೆ. ಪದೇಪದೇ ತನ್ನ ಮೂಗನ್ನು ನೆಕ್ಕಿಕೊಳ್ಳುತ್ತಿದೆ, ನಿದ್ದೆಯ ಹೊತ್ತಲ್ಲದಿದ್ದರೂ ಬಾಯಿ ದೊಡ್ಡದಾಗಿ ತೆರೆದು ಆಕಳಿಸುತ್ತಿದೆ. ಅಪ್ಪ ಬೆಲ್ಟು ಎಳೆಯುತ್ತಾರೆ. ಕತ್ತಿನ ಪಟ್ಟಿ ಕಿವಿಯ ಬುಡದವರೆಗೆ ಸರಿಯುತ್ತದೆ, ಉಗುರುಗಳು ಡಾಂಬರನ್ನು ಕೆರೆಯುತ್ತವೆ. "ಅಪ್ಪಾ, ಎಳೀಬೇಡಪ್ಪ" ಎನ್ನುತ್ತಾಳೆ ಮಗಳು. ಜೇಬಿನಿಂದ ಬಿಸ್ಕತ್ತು ತೆಗೆದು ಬಾಯಿಗೆ ಹಿಡಿಯುತ್ತಾಳೆ. ಮನೆಯಲ್ಲಿ ಅದೇ ಬಿಸ್ಕತ್ತಿಗೆ ಸೋಫಾ ಹಾರುವ ಮರಿ ಈಗ ಮೂಗನ್ನೂ ತಿರುಗಿಸುವುದಿಲ್ಲ. ಹಿಂದೆ ನೀರಿನ ಟ್ಯಾಂಕರು ರಿವರ್ಸ್ ಹಾರ್ನ್ ಹಾಕಿಕೊಂಡು ಬರುತ್ತಿದೆ. "ಹಸಿವಿಲ್ಲ ಅದಕ್ಕೆ" ಎನ್ನುತ್ತಾರೆ ಅಪ್ಪ.

ಹಸಿವಿಲ್ಲದಿರುವುದಲ್ಲ. ಭಯ ಒಂದು ಮಟ್ಟ ದಾಟಿದರೆ ದೇಹ ಅನ್ನವನ್ನು ಪಕ್ಕಕ್ಕಿಡುತ್ತದೆ. ಇಷ್ಟದ ತಿಂಡಿಯನ್ನು ಮರಿ ತಿರಸ್ಕರಿಸಿತು ಎಂದರೆ, ಸದ್ಯಕ್ಕೆ ಅದು ಏನನ್ನೂ ಕಲಿಯುವ ಸ್ಥಿತಿಯಲ್ಲಿಲ್ಲ ಎಂದೇ ತಿಳಿಯಬೇಕು. ನಾಯಿ ಸಾಕುವವರ ಕೈಯಲ್ಲಿ ಇದಕ್ಕಿಂತ ಸುಲಭವಾದ, ಖಚಿತವಾದ ಅಳತೆಗೋಲು ಬೇರೆ ಇಲ್ಲ. ಆ ಹೊತ್ತಿನಲ್ಲಿ ಎಳೆದುಕೊಂಡು ಹೋದರೆ ಕೆಲವು ಮರಿಗಳು ಕೊನೆಗೆ ಸುಮ್ಮನೆ ನಡೆಯತೊಡಗುತ್ತವೆ ನಿಜ. "ನೋಡಿ, ಸರಿ ಹೋಯ್ತು" ಎನ್ನುತ್ತಾರೆ. ಸರಿಹೋಗಿಲ್ಲ, ತನ್ನ ಮಾತು ನಡೆಯುವುದಿಲ್ಲ ಎಂದು ಗೊತ್ತಾಗಿ ಕೈಚೆಲ್ಲಿದೆ. ಇಂಥ ನಾಯಿಗಳೇ ವರ್ಷ ತುಂಬಿದ ಮೇಲೆ ಬೆಲ್ಟಿನ ತುದಿಯಲ್ಲಿ ನಿಂತು ಎದುರು ಬಂದವರ ಮೇಲೆಲ್ಲ ಹರಿಹಾಯುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಭಯ ಹೇಗೆ ಇಳಿಯುತ್ತದೆ ಎಂಬುದು ನೂರು ವರ್ಷದ ಹಿಂದೆಯೇ ಗೊತ್ತಾದ ಸಂಗತಿ, ಅದೂ ಮಗುವೊಂದರಿಂದ. 1924ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆ ಮೇರಿ ಕವರ್ ಜೋನ್ಸ್, ಮೊಲ ಕಂಡರೆ ಕಿರುಚುತ್ತಿದ್ದ ಪೀಟರ್ ಎಂಬ ಪುಟ್ಟ ಹುಡುಗನ ಬಗ್ಗೆ ಬರೆದರು. ಅವನು ಇಷ್ಟದ ತಿಂಡಿ ತಿನ್ನುತ್ತಿರುವಾಗ ಮೊಲದ ಪಂಜರವನ್ನು, ಅವನ ಊಟಕ್ಕೆ ಅಡ್ಡಿಯಾಗದಷ್ಟು ದೂರದಲ್ಲಿಟ್ಟರು. ದಿನಗಳು ಕಳೆದಂತೆ ಸ್ವಲ್ಪ ಸ್ವಲ್ಪವೇ ಹತ್ತಿರ ತಂದರು. ಕೊನೆಗೆ ಹುಡುಗ ಮೊಲವನ್ನು ಮುಟ್ಟಿ ಆಡಿಸಿದ. ಇಲ್ಲಿ ಜನ ತಿಂಡಿಯನ್ನು ಮಾತ್ರ ನೆನಪಿಟ್ಟುಕೊಳ್ಳುತ್ತಾರೆ, ದೂರವನ್ನು ಮರೆಯುತ್ತಾರೆ. ಟ್ಯಾಂಕರಿನ ಪಕ್ಕದಲ್ಲಿ ನಿಲ್ಲಿಸಿ ಬಿಸ್ಕತ್ತು ಹಿಡಿದರೆ ಟ್ಯಾಂಕರು ಗೆಲ್ಲುತ್ತದೆ. ಕಟ್ಟೆಯ ಮೇಲಿನ ಆ ಗೃಹಿಣಿ ನಾಲ್ಕು ಹೆಜ್ಜೆ ಒಳಕ್ಕೆ ಹೋಗುತ್ತಿದ್ದರಲ್ಲ, ಕೆಲಸವೆಲ್ಲ ಆ ನಾಲ್ಕು ಹೆಜ್ಜೆಯಲ್ಲಿತ್ತು. ಮರಿ ಗೇಟಿನೊಳಗಿನಿಂದಲೇ ನೋಡುತ್ತೇನೆ ಎಂದರೆ ಅಲ್ಲಿಂದಲೇ ನೋಡಲಿ. ಅಂದು ಗೇಟು ದಾಟಲಿಲ್ಲ ಎಂದರೆ ಅದು ಸೋಲಲ್ಲ.

ಇದರ ಬೆನ್ನಿಗೇ ಇರುವ ಮೂರನೇ ನಂಬಿಕೆ ನನಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಡುವಂಥದ್ದು: ಹೆದರಿದ ಮರಿಯನ್ನು ಎತ್ತಿಕೊಳ್ಳಬೇಡಿ, ಸವರಬೇಡಿ, ಭಯ ಜಾಸ್ತಿಯಾಗುತ್ತದೆ. ಸವರಿದರೆ ಭಯಕ್ಕೆ ಬಹುಮಾನ ಕೊಟ್ಟಂತೆ ಎಂಬುದು ಇದರ ಹಿಂದಿನ ಲೆಕ್ಕ. ಆದರೆ ಬಹುಮಾನ ಕೊಟ್ಟರೆ ಹೆಚ್ಚುವುದು ಮರಿ ಬೇಕೆಂದು ಮಾಡುವ ಕೆಲಸ. ಕೂತರೆ ಬಿಸ್ಕತ್ತು ಸಿಗುತ್ತದೆ ಎಂದು ಕೂರುತ್ತದೆ. ಭಯ ಹಾಗೆ ಆರಿಸಿಕೊಂಡು ಮಾಡುವ ಕೆಲಸವಲ್ಲ, ಮೈಗೆ ಬರುವ ಜ್ವರದಂತೆ ಬರುವಂಥದ್ದು. ಹಣೆಗೆ ಒದ್ದೆಬಟ್ಟೆ ಹಾಕಿದ್ದರಿಂದ ಜ್ವರ ಏರಿತು ಎಂದು ಯಾರೂ ಹೇಳುವುದಿಲ್ಲ. ದೀಪಾವಳಿಯ ರಾತ್ರಿ ನಡುಗುತ್ತಾ ಕಾಲಸಂದಿಗೆ ಬಂದ ಮರಿಯನ್ನು, "ಹೋಗು, ರೂಢಿ ಮಾಡ್ಕೋ" ಎಂದು ದೂಡುವವರು ಅದಕ್ಕೆ ಕಲಿಸುವುದು ಒಂದೇ ಪಾಠ: ಹೆದರಿಕೆಯಾದಾಗ ಇವರ ಹತ್ತಿರ ಹೋಗಿ ಪ್ರಯೋಜನವಿಲ್ಲ. ಆಮೇಲೆ ಅದು ಮಂಚದಡಿ ಸೇರುತ್ತದೆ, ಬೀದಿಯಲ್ಲಾದರೆ ಬೆಲ್ಟು ಕಿತ್ತುಕೊಂಡು ಓಡುತ್ತದೆ. ಹತ್ತಿರ ಬಂದ ಮರಿಯನ್ನು ಅಪ್ಪಿಕೊಳ್ಳಬೇಕು. ನಾವು ಗಾಬರಿಯಾಗಿ ಕೂಗಾಡಬಾರದು, ಅಷ್ಟೇ.

ತಳಿಯ ಹೆಸರಿನಲ್ಲೂ ಒಂದು ಭ್ರಮೆ ನಡೆದಿದೆ. ನಮ್ಮದೇ ಮುಧೋಳ ನಾಯಿಯನ್ನು ತೆಗೆದುಕೊಳ್ಳಿ. 2005ರಲ್ಲಿ ಅಂಚೆಚೀಟಿಯ ಮೇಲೆ ಬಂದಿತು, 2016ರಲ್ಲಿ ಸೇನೆ ಮರಿಗಳನ್ನು ಮೀರತ್‌ಗೆ ತರಬೇತಿಗೆ ಒಯ್ದಿತು, ಅಭಿಮಾನದಿಂದ ಬೆಂಗಳೂರಿನ ಮನೆಗಳಿಗೂ ಬರುತ್ತಿದೆ. "ಬೇಟೆ ನಾಯಿ ಸಾರ್, ಅದಕ್ಕೆಂಥ ಭಯ?" ಎಂದು ಕೊಂಡವರು ಬಾಗಲಕೋಟೆ ಕಡೆಯ ಹೊಲದಲ್ಲಿ, ಕಬ್ಬಿನ ಗಾಡಿ, ಟ್ರ್ಯಾಕ್ಟರು, ಕುರಿಗಳ ನಡುವೆ ಕಣ್ಣುಬಿಟ್ಟ ಮರಿ ಗ್ರಾನೈಟ್ ನೆಲದ ಮೇಲೆ ಜಾರುತ್ತಾ ಲಿಫ್ಟಿನ ಮುಂದೆ ಗರಬಡಿದು ನಿಂತಾಗ ಕಂಗಾಲಾಗುತ್ತಾರೆ. ಆ ಮರಿಯಲ್ಲಿ ಕೊರತೆಯಿಲ್ಲ. ಅದು ಕಲಿತ ಊರು ಬೇರೆ. ಮುಧೋಳ ಮೊದಲೇ ಅಪರಿಚಿತರಿಂದ ಒಂದು ಹೆಜ್ಜೆ ದೂರ ನಿಲ್ಲುವ ಸ್ವಭಾವದ್ದು, ಫಕ್ಕನೆ ಮುಟ್ಟಿದರೆ ಬೆಚ್ಚುವಂಥದ್ದು. ಬೇಟೆಯ ವೇಗಕ್ಕೂ ಬೀದಿಯ ಧೈರ್ಯಕ್ಕೂ ಸಂಬಂಧ ಕಟ್ಟಿ ಅದರ ಮೇಲೆ ಒರಟುತನ ತೋರಿಸುವುದು ಅನ್ಯಾಯ. ಸ್ವಭಾವದಲ್ಲಿ ವಂಶದ ಪಾಲು ಇದ್ದೇ ಇದೆ. ಸ್ಕಾಟ್ ಮತ್ತು ಫುಲ್ಲರ್ ಐದು ತಳಿಗಳನ್ನು ಹೋಲಿಸಿ ತೋರಿಸಿದ್ದೂ ಅದನ್ನೇ. ಹುಟ್ಟಿನಿಂದ ನಾಚುವ ಮರಿಗೆ ಎಳೆಯ ವಾರಗಳ ಅನುಭವ ಇನ್ನೂ ಹೆಚ್ಚು ಬೇಕು ಎಂದೇ ಇದರ ಅರ್ಥ.

ಮರಿ ಸಾಕುವವರ ತಲೆಗೇ ಎಲ್ಲ ಹೊಣೆ ಕಟ್ಟುವುದೂ ಸರಿಯಲ್ಲ. ಮೂರನೇ ವಾರಕ್ಕೆ ತೆರೆಯುವ ಬಾಗಿಲಿನ ಮೊದಲರ್ಧ ಕಳೆಯುವುದು ಮಾರುವವರ ಮನೆಯಲ್ಲಿ. 2017ರ ಕೇಂದ್ರದ ನಾಯಿ ಸಾಕಣೆ ಮತ್ತು ಮಾರಾಟ ನಿಯಮಗಳಂತೆ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಆದರೂ "ನಲವತ್ತೈದು ದಿನದ ಮರಿ" ಎಂಬುದು ಸಂತೆಯ ಮಾತಿನಷ್ಟು ಸಹಜವಾಗಿದೆ, ಮೂವತ್ತು ದಿನದ್ದನ್ನು ನಲವತ್ತೈದು ಎಂದು ದಾಟಿಸುವವರೂ ಇದ್ದಾರೆ. ಆ ದಿನಗಳನ್ನು ಮರಿ ಕತ್ತಲೆಯ ಶೆಡ್ಡಿನಲ್ಲಿ, ಕಬ್ಬಿಣದ ಗೂಡಿನಲ್ಲಿ ಕಳೆದಿದ್ದರೆ ಆಮೇಲೆ ಮನೆಯವರು ತಳದಿಂದಲೇ ಕಟ್ಟಬೇಕು. ಮರಿ ಕೊಳ್ಳುವವರು ಸರ್ಟಿಫಿಕೇಟು ಕೇಳುವ ಮೊದಲು ಅದು ಬೆಳೆದ ಜಾಗ ನೋಡಬೇಕು. ಕುಕ್ಕರ್ ಕೂಗುವ, ಮಕ್ಕಳು ಓಡಾಡುವ, ಬಾಗಿಲು ತೆಗೆದಿರುವ ಮನೆಯ ಮರಿ, ತಳಿಯ ಕಾಗದವಿಲ್ಲದಿದ್ದರೂ, ಗೂಡಿನ ಮರಿಗಿಂತ ಮೇಲು.

ಆಗಲೇ ಐದಾರು ತಿಂಗಳು ತುಂಬಿ, ಗೇಟು ಕಂಡರೆ ಕಾಲೂರುವ ನಾಯಿ ಇರುವವರು ಇದನ್ನು ಓದಿ ಕೈಚೆಲ್ಲಬೇಕಿಲ್ಲ. ಮಾರ್ಗ ಅದೇ, ತೆಗೆದುಕೊಳ್ಳುವ ಕಾಲ ಹೆಚ್ಚು. ಕತ್ತಿನ ಪಟ್ಟಿಯ ಬದಲು ಎದೆಗೆ ಹಾಕುವ ಹಾರ್ನೆಸ್ ಬೇಕು. ಹೆದರಿದ ನಾಯಿ ಹಿಂದಕ್ಕೆ ಜಗ್ಗಿದರೆ ಪಟ್ಟಿಯಿಂದ ತಲೆ ಜಾರಿಸಿಕೊಂಡು ರಸ್ತೆಗೆ ಬೀಳುತ್ತದೆ. ಹೊಸ್ತಿಲು, ಕಾರಿಡಾರು, ಲಿಫ್ಟು, ಗೇಟಿನ ಒಳಬದಿ ಇವನ್ನು ಬೇರೆ ಬೇರೆ ಊರುಗಳೆಂದು ತಿಳಿದು, ಒಂದರಲ್ಲಿ ತಿಂಡಿ ತಿಂದು ಸುತ್ತ ನೋಡುವಷ್ಟು ನೆಮ್ಮದಿ ಬಂದ ಮೇಲೆ ಇನ್ನೊಂದಕ್ಕೆ ಹೋಗಬೇಕು. ಬೇಸಿಗೆಯಲ್ಲಿ ಡಾಂಬರಿನ ಮೇಲೆ ಅಂಗೈಯ ಹಿಂಭಾಗ ಇಟ್ಟು ನೋಡಿ. ನಮ್ಮ ಕೈ ಸಹಿಸದ್ದನ್ನು ಅದರ ಪಾದವೂ ಸಹಿಸದು. ಬಿಸಿಗೆ ನಿಂತ ನಾಯಿಯನ್ನು ಹಟಮಾರಿ ಎನ್ನುವವರು ರಾಯಚೂರು, ಕಲಬುರಗಿಯಲ್ಲಷ್ಟೇ ಅಲ್ಲ, ಎಲ್ಲೆಡೆ ಇದ್ದಾರೆ. ತಿಂಗಳುಗಟ್ಟಲೆ ಮಾಡಿದರೂ ನಡುಕ ಇಳಿಯದಿದ್ದರೆ ಅದಕ್ಕೆ ಔಷಧಿಗಳಿವೆ. ನಾಯಿಯ ಭಯಕ್ಕೆ ಡಾಕ್ಟರರ ಹತ್ತಿರ ಹೋಗುವುದು ಶೋಕಿಯಲ್ಲ.

ಮತ್ತೆ ಡಾಕ್ಟರರ ವಿಷಯಕ್ಕೆ. ಅವರ ಟೇಬಲ್ಲಿನ ಮುಂದೆ ಸಾಲು ಇರುತ್ತದೆ, ಒಂದು ಮರಿಗೆ ಸಿಗುವುದು ಐದು ನಿಮಿಷ, ಪಾರ್ವೋದಿಂದ ಸತ್ತ ಮರಿಗಳನ್ನು ನಮಗಿಂತ ಹೆಚ್ಚು ಕಂಡವರೂ ಅವರೇ. "ಹೊರಗೆ ಬೇಡ" ಎಂಬ ಎರಡು ಪದದ ಸಲಹೆ ಆ ಒತ್ತಡದಲ್ಲಿ ಹುಟ್ಟಿದೆ. ಅದನ್ನು "ನೆಲಕ್ಕೆ ಬಿಡಬೇಡಿ, ಎತ್ತಿಕೊಂಡು ದಿನಾ ಹೊರಗೆ ಕೂತ್ಕೊಳ್ಳಿ" ಎಂದು ಬದಲಿಸಲು ಐದು ಸೆಕೆಂಡು ಹೆಚ್ಚು ಬೇಕು. ಲಸಿಕೆ ಕಾರ್ಡಿನಲ್ಲಿ ತಾರೀಖು, ತೂಕ, ಬಾಟಲಿಯ ಸ್ಟಿಕರಿಗೆ ಜಾಗವಿದೆ. ಎರಡನೇ ಡೋಸಿಗೆ ಮರಿ ಬಂದಾಗ "ಈ ಮೂರು ವಾರದಲ್ಲಿ ಏನೇನು ನೋಡಿತು, ಯಾವುದಕ್ಕೆ ಬೆಚ್ಚಿತು?" ಎಂದು ಕೇಳಿ ಒಂದು ಸಾಲು ಬರೆದುಕೊಳ್ಳುವ ಕ್ರಮ ಬರಲಿ. ಆ ಹೊತ್ತಿಗೆ ಮರಿಗೆ ಹತ್ತು ಹನ್ನೊಂದು ವಾರ. ಗೊತ್ತಾದ ಭಯವನ್ನು ಸರಿಮಾಡಲು ಆಗ ಇನ್ನೂ ಮೂರು ವಾರದಷ್ಟು ಕಾಲ ಕೈಯಲ್ಲಿರುತ್ತದೆ.